ವಿದೇಶದಿಂದ ಬಂದಿಳಿದಾಗ ಬ್ಯಾಗ್ ಸಿಗಲಿಲ್ಲವೇ? ಫಾರ್ವರ್ಡ್ ಸಂದೇಶಗಳು ಹೇಳುವುದರಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ವಿದೇಶದಲ್ಲಿರುವ ಮಗನೋ ಮಗಳೋ ಊರಿಗೆ ಬರಲು ಟಿಕೆಟ್ ಬುಕ್ ಮಾಡಿದರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ ಶುರುವಾಗುತ್ತದೆ. "ಬ್ಯಾಗಿಗೆ ರಿಬ್ಬನ್ ಕಟ್ಟಬೇಡಿ", "ಫ್ರಜೈಲ್ ಸ್ಟಿಕರ್ ಅಂಟಿಸಿದರೆ ಬ್ಯಾಗ್ ಮೊದಲು ಬರುತ್ತದೆ", "ಬ್ಯಾಗ್ ಕಳೆದರೆ ಲಕ್ಷಗಟ್ಟಲೆ ಪರಿಹಾರ ಗ್ಯಾರಂಟಿ", "ಬ್ಯಾಗ್ ಬರದಿದ್ದರೆ ಅಲ್ಲಿ ಕಾಯಬೇಡಿ, ಮನೆಗೆ ಹೋಗಿ ಇಮೇಲ್ ಹಾಕಿದರೆ ಸಾಕು" ಇತ್ಯಾದಿ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ಕೊನೆಯದನ್ನು ನಂಬಿದರಂತೂ ಸಿಗಬೇಕಾದ ಪರಿಹಾರವೇ ಕೈತಪ್ಪಬಹುದು. ಹಾಗಾಗಿ ಇವನ್ನೆಲ್ಲ ಒಂದೊಂದಾಗಿ ನೋಡೋಣ.

ಸಮಯವಿಲ್ಲದವರಿಗೆ, ಸಂಕ್ಷಿಪ್ತವಾಗಿ:

• ಬ್ಯಾಗ್ ಬರಲಿಲ್ಲ ಅಥವಾ ಒಡೆದಿದೆ ಎಂದಾದರೆ ಬ್ಯಾಗೇಜ್ ಹಾಲ್‌ನಿಂದ ಹೊರಬರುವ ಮುನ್ನವೇ ವಿಮಾನಯಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು, ಅದರ ಸಂಖ್ಯೆ ಪಡೆಯಿರಿ.
• ಬ್ಯಾಗಿಗೆ ಹಾನಿಯಾಗಿದ್ದರೆ 7 ದಿನ, ತಡವಾಗಿ ಬಂದಿದ್ದರೆ 21 ದಿನ. ಲಿಖಿತ ದೂರಿಗೆ ಕಾನೂನು ಕೊಡುವ ಗಡುವು ಇದು.
• ಪರಿಹಾರಕ್ಕೆ ಗರಿಷ್ಠ ಮಿತಿ ಇದೆ. ಅಷ್ಟೂ ಹಣ ತಾನಾಗಿ ಸಿಗುವುದಿಲ್ಲ, ನಷ್ಟವನ್ನು ತೋರಿಸಬೇಕು.
• ಬ್ಯಾಗಿನ ಟ್ಯಾಗ್ ರಸೀದಿಯನ್ನು ಮನೆಗೆ ಬಂದು ಬ್ಯಾಗ್ ತೆರೆದು ನೋಡುವವರೆಗೂ ಬಿಸಾಡಬೇಡಿ.

ವಿಮಾನದ ಹೊಟ್ಟೆಯಿಂದ ಬೆಲ್ಟ್‌ವರೆಗೆ

ಚೆಕ್-ಇನ್ ಕೌಂಟರಿನಲ್ಲಿ ಬ್ಯಾಗಿನ ಹಿಡಿಗೆ ಸುತ್ತುವ ಉದ್ದನೆಯ ಪಟ್ಟಿಯ ಮೇಲೆ ಬಾರ್‌ಕೋಡ್ ಇರುತ್ತದೆ, ಅದರ ಜೊತೆಗೆ 10 ಅಂಕಿಗಳ ಒಂದು ಸಂಖ್ಯೆ. ಇದು ಬ್ಯಾಗಿನ ನಂಬರ್ ಪ್ಲೇಟ್ ಇದ್ದಂತೆ. ಅದರಲ್ಲಿ ಮೂರು ಅಂಕಿಗಳು ವಿಮಾನಯಾನ ಸಂಸ್ಥೆಯನ್ನು ಸೂಚಿಸಿದರೆ, ಕೊನೆಯ ಆರು ಅಂಕಿಗಳು ನಿಮ್ಮ ಬ್ಯಾಗಿನವು. ಇದೇ ಸಂಖ್ಯೆಯಿರುವ ಸಣ್ಣ ಸ್ಟಿಕರನ್ನು ನಿಮ್ಮ ಬೋರ್ಡಿಂಗ್ ಪಾಸಿನ ಹಿಂದೆಯೋ ಪಾಸ್‌ಪೋರ್ಟಿನ ಕವರಿಗೋ ಅಂಟಿಸಿ ಕೊಡುತ್ತಾರೆ. ಮುಂದೆ ಏನೇ ಎಡವಟ್ಟಾದರೂ ನಿಮ್ಮ ಕೈಯಲ್ಲಿರುವ ಪುರಾವೆ ಆ ಸಣ್ಣ ಸ್ಟಿಕರ್.

ದೊಡ್ಡ ವಿಮಾನಗಳಲ್ಲಿ ಬ್ಯಾಗುಗಳನ್ನು ಬಿಡಿಬಿಡಿಯಾಗಿ ಹಾಕುವುದಿಲ್ಲ. ಲೋಹದ ಕಂಟೈನರುಗಳಲ್ಲಿ ಜೋಡಿಸಿ, ಆ ಕಂಟೈನರುಗಳನ್ನೇ ವಿಮಾನದ ಕೆಳಭಾಗಕ್ಕೆ ತಳ್ಳುತ್ತಾರೆ. ಇಳಿದ ಮೇಲೆ ಕಂಟೈನರ್ ಹೊರಬಂದು, ಟ್ರ್ಯಾಕ್ಟರಿನಂಥ ಬಂಡಿಯ ಹಿಂದೆ ಟರ್ಮಿನಲ್‌ಗೆ ಹೋಗಿ, ಅಲ್ಲಿ ಬ್ಯಾಗುಗಳು ಒಂದೊಂದಾಗಿ ಬೆಲ್ಟ್ ಏರುತ್ತವೆ. ಭಾರತಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನವಾದರೆ ನಡುವೆ ಕಸ್ಟಮ್ಸ್‌ನವರ ಎಕ್ಸ್-ರೇ ತಪಾಸಣೆಯೂ ಇರುತ್ತದೆ.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕು? 2024ರ ಫೆಬ್ರವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಏಳು ವಿಮಾನಯಾನ ಸಂಸ್ಥೆಗಳಿಗೆ ಸೂಚನೆ ಕೊಟ್ಟಿತ್ತು. ವಿಮಾನದ ಎಂಜಿನ್ ನಿಂತ 10 ನಿಮಿಷದೊಳಗೆ ಮೊದಲ ಬ್ಯಾಗ್, 30 ನಿಮಿಷದೊಳಗೆ ಕೊನೆಯ ಬ್ಯಾಗ್ ಬೆಲ್ಟ್ ಮೇಲಿರಬೇಕು ಎಂಬುದು ಅದರ ಸಾರ. ಅಂದರೆ ಅರ್ಧ ಗಂಟೆ ಕಾಯುವುದು ಸಹಜ. ಪಕ್ಕದವರ ಬ್ಯಾಗ್ ಬಂತು, ನಮ್ಮದು ಬರಲಿಲ್ಲ ಎಂದು ಹತ್ತೇ ನಿಮಿಷಕ್ಕೆ ಎದೆ ಹೊಡೆದುಕೊಳ್ಳಬೇಕಾಗಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಇಮಿಗ್ರೇಷನ್ ಸಾಲು ಉದ್ದವಿದ್ದಾಗ ನಾವು ಬರುವಷ್ಟರಲ್ಲಿ ಬ್ಯಾಗುಗಳು ಬೆಲ್ಟ್ ಮೇಲೆ ಹಲವು ಸುತ್ತು ಹಾಕಿರುತ್ತವೆ. ಮುಂದಿನ ವಿಮಾನಕ್ಕೆ ಜಾಗ ಬೇಕಾದಾಗ ಸಿಬ್ಬಂದಿ ಅವನ್ನು ಎತ್ತಿ ಪಕ್ಕದಲ್ಲಿ ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಆದ್ದರಿಂದ ಬ್ಯಾಗ್ ಕಾಣದಿದ್ದರೆ ಮೊದಲು ಬೆಲ್ಟ್ ಸುತ್ತ ಒಂದು ಸುತ್ತು ಬನ್ನಿ. ಮಗುವಿನ ತಳ್ಳುಗಾಡಿ, ತಂಬೂರಿ, ವೀಣೆಯಂಥ ದೊಡ್ಡ ಅಥವಾ ವಿಚಿತ್ರ ಆಕಾರದ ಸಾಮಾನುಗಳು ಬೇರೆಯೇ ಬೆಲ್ಟ್‌ನಲ್ಲಿ ಬರುವುದುಂಟು. ಅದನ್ನೂ ವಿಚಾರಿಸಿ.

ಬ್ಯಾಗ್ ಎತ್ತಿಕೊಳ್ಳಬೇಕಾದ್ದು ಯಾವ ಊರಿನಲ್ಲಿ?

"ಕೊನೆಯ ಊರಿನವರೆಗೂ ಟ್ಯಾಗ್ ಹಾಕಿದ್ದಾರೆ, ನಡುವೆ ಬ್ಯಾಗಿನ ಯೋಚನೆಯೇ ಬೇಡ" ಎಂಬ ಮಾತು ಎಲ್ಲ ದೇಶಕ್ಕೂ ಹೊಂದುವುದಿಲ್ಲ. ಮೊದಲ ಬಾರಿ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರು ಗೊಂದಲಕ್ಕೆ ಬೀಳುವುದು ಇಲ್ಲಿಯೇ.

ಅಮೆರಿಕ: ಬೆಂಗಳೂರಿನಿಂದ ಯುರೋಪಿನ ಯಾವುದೋ ಊರಿನ ಮೂಲಕ ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಡಲ್ಲಾಸ್‌ಗೆ ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಟ್ಯಾಗ್ ಮೇಲೆ ಡಲ್ಲಾಸ್ ಎಂದಿದ್ದರೂ ಸಾಮಾನ್ಯವಾಗಿ ನ್ಯೂಯಾರ್ಕಿನಲ್ಲೇ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಅದನ್ನು ಮುಂದಿನ ವಿಮಾನಕ್ಕೆ ಒಪ್ಪಿಸಬೇಕು. ಅಬುಧಾಬಿ ಮೂಲಕ ಹೋಗುವವರದು ಬೇರೆ ಕಥೆ. ಅಲ್ಲಿ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ತಪಾಸಣೆ ವಿಮಾನ ಹತ್ತುವ ಮುನ್ನವೇ ಮುಗಿಯುತ್ತದೆ. ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ಪ್ರಯಾಣಿಕರಂತೆ ನೇರವಾಗಿ ಹೊರಬರಬಹುದು.

ಯುರೋಪ್: ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಬರ್ಲಿನ್‌ಗೆ ಒಂದೇ ಟಿಕೆಟಿನಲ್ಲಿ ಹೋಗುವವರು ಪಾಸ್‌ಪೋರ್ಟ್ ತೋರಿಸುವುದು ಫ್ರಾಂಕ್‌ಫರ್ಟ್‌ನಲ್ಲಿ. ಬ್ಯಾಗ್ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಬರ್ಲಿನ್‌ನಲ್ಲಿ.

ಭಾರತ: ಲಂಡನ್‌ನಿಂದ ದೆಹಲಿ ಮೂಲಕ ಹುಬ್ಬಳ್ಳಿಗೋ ಮಂಗಳೂರಿಗೋ ಬರುವವರು ಸಾಮಾನ್ಯವಾಗಿ ದೆಹಲಿಯಲ್ಲೇ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕು. ಕೆಲವು ವಿಮಾನಗಳಲ್ಲಿ ಮಾತ್ರ ಕಸ್ಟಮ್ಸ್ ತಪಾಸಣೆ ಕೊನೆಯ ಊರಿನಲ್ಲಿ ಆಗುವ ವ್ಯವಸ್ಥೆ ಇದೆ. ಆದ್ದರಿಂದ ಹೊರಡುವ ಊರಿನ ಚೆಕ್-ಇನ್ ಕೌಂಟರಿನಲ್ಲೇ "ಬ್ಯಾಗನ್ನು ನಾನು ಎಲ್ಲಿ ತೆಗೆದುಕೊಳ್ಳಬೇಕು?" ಎಂದು ಒಮ್ಮೆ ಕೇಳಿಬಿಡಿ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರು ಪ್ರಯಾಣ ಮಾಡುತ್ತಿದ್ದರೆ ಈ ಉತ್ತರವನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡಿ.

ಬೆಂಗಳೂರಿಗೆ ನೇರವಾಗಿ ಬರುವವರಿಗೆ ಒಂದು ಮಾತು. 2023ರ ಸೆಪ್ಟೆಂಬರ್ 12ರಿಂದ ಕೆಂಪೇಗೌಡ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ಕ್ಕೆ ಸ್ಥಳಾಂತರವಾಗಿವೆ. ಹಳೆಯ ಫಾರ್ವರ್ಡ್ ನೋಡಿ ಟರ್ಮಿನಲ್ 1ರ ಮುಂದೆ ಕಾಯಬೇಡಿ.

ಫಾರ್ವರ್ಡ್‌ಗಳ ಪರಿಶೀಲನೆ

ಹೇಳಿಕೆ: ಮೊದಲು ಚೆಕ್-ಇನ್ ಮಾಡಿದವರ ಬ್ಯಾಗ್ ಕೊನೆಗೆ, ಕೊನೆಗೆ ಮಾಡಿದವರದ್ದು ಮೊದಲಿಗೆ ಬರುತ್ತದೆ.
ನಿಜಾಂಶ: ಭರವಸೆ ಇಡುವಂಥದ್ದಲ್ಲ. ಯಾವ ಕಂಟೈನರಿನಲ್ಲಿ ಬ್ಯಾಗ್ ಸೇರಿತು, ಯಾವ ಕಂಟೈನರ್ ಮೊದಲು ಇಳಿಯಿತು ಎಂಬುದರ ಮೇಲೆ ಕ್ರಮ ನಿರ್ಧಾರವಾಗುತ್ತದೆ. ಬಿಸಿನೆಸ್ ಕ್ಲಾಸಿನವರ ಬ್ಯಾಗುಗಳನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿಟ್ಟು ಮೊದಲು ಇಳಿಸುತ್ತಾರೆ. ಈ ನಂಬಿಕೆಯಿಂದ ತಡವಾಗಿ ಚೆಕ್-ಇನ್ ಮಾಡಿದರೆ ಬ್ಯಾಗ್ ವಿಮಾನ ಹತ್ತದೆ ಹಿಂದೆಯೇ ಉಳಿಯುವ ಅಪಾಯ ಹೆಚ್ಚು.

ಹೇಳಿಕೆ: ಫ್ರಜೈಲ್ ಸ್ಟಿಕರ್ ಅಂಟಿಸಿದರೆ ಬ್ಯಾಗ್ ಮೊದಲು ಬರುತ್ತದೆ.
ನಿಜಾಂಶ: ಅಂಥ ನಿಯಮವಿಲ್ಲ. ಸ್ಟಿಕರ್ ಇದೆ ಎಂದು ಗಾಜಿನ ಸಾಮಾನನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಬೆಲ್ಟ್‌ನ ತಿರುವು, ಜಾರುವ ಇಳಿಜಾರುಗಳಿಗೆ ಸ್ಟಿಕರ್ ಓದಲು ಬರುವುದಿಲ್ಲ.

ಹೇಳಿಕೆ: ಬಣ್ಣದ ರಿಬ್ಬನ್ ಕಟ್ಟಿದರೆ ಬ್ಯಾಗ್ ಕಳೆದುಹೋಗುತ್ತದೆ.
ನಿಜಾಂಶ: ಉತ್ಪ್ರೇಕ್ಷೆ. ಉದ್ದಕ್ಕೆ ನೇತಾಡುವ ರಿಬ್ಬನ್ ಯಂತ್ರಕ್ಕೆ ಸಿಕ್ಕಿಕೊಳ್ಳಬಹುದು, ಟ್ಯಾಗಿನ ಬಾರ್‌ಕೋಡನ್ನು ಮುಚ್ಚಬಹುದು. ಹಿಡಿಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಮೈಮೇಲೆ ಅಂಟಿಸಿದ ಬಣ್ಣದ ಟೇಪು ಇದಕ್ಕಿಂತ ಒಳ್ಳೆಯದು. ನಿಜಕ್ಕೂ ತೆಗೆದುಹಾಕಬೇಕಾದ್ದು ಹಿಂದಿನ ಪ್ರಯಾಣದ ಹಳೆಯ ಟ್ಯಾಗ್ ಮತ್ತು ಸಣ್ಣ ಬಾರ್‌ಕೋಡ್ ಸ್ಟಿಕರುಗಳನ್ನು. ಅವು ಸ್ಕ್ಯಾನರ್‌ಗೆ ಗೊಂದಲ ಉಂಟುಮಾಡಬಲ್ಲವು.

ಹೇಳಿಕೆ: ಬ್ಯಾಗಿನೊಳಗೆ ಏರ್‌ಟ್ಯಾಗ್ ಇಡುವುದು ನಿಷಿದ್ಧ.
ನಿಜಾಂಶ: ಇದರ ಮೂಲ 2022ರ ಅಕ್ಟೋಬರ್‌ನ ಒಂದು ಗೊಂದಲ. ಜರ್ಮನಿಯ ಲುಫ್ತಾನ್ಸಾ ಸಂಸ್ಥೆ ಚೆಕ್-ಇನ್ ಬ್ಯಾಗಿನಲ್ಲಿ ಇಂಥ ಟ್ರ್ಯಾಕರ್ ಚಾಲೂ ಇರಬಾರದು ಎಂದಿತ್ತು. ಜರ್ಮನಿಯ ವಿಮಾನಯಾನ ಅಧಿಕಾರಿಗಳು ಅಪಾಯವಿಲ್ಲ ಎಂದ ಮೇಲೆ ಕೆಲವೇ ದಿನಗಳಲ್ಲಿ ಅನುಮತಿ ಕೊಟ್ಟಿತು. ಇವುಗಳಲ್ಲಿರುವುದು ಗುಂಡಿಯಷ್ಟು ಸಣ್ಣ ಬ್ಯಾಟರಿ. ಪವರ್ ಬ್ಯಾಂಕ್ ಮಾತ್ರ ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ. ಅದು ಕೈಚೀಲದಲ್ಲೇ ಇರಬೇಕು.

ಹೇಳಿಕೆ: ಬ್ಯಾಗ್ ಮೇಲೆ ಸೀಮೆಸುಣ್ಣದ ಗುರುತು ಕಂಡರೆ ಯಾರೋ ಕಳ್ಳರು ಗುರುತು ಹಾಕಿದ್ದಾರೆಂದು ಅರ್ಥ.
ನಿಜಾಂಶ: ಎಕ್ಸ್-ರೇಯಲ್ಲಿ ಏನಾದರೂ ಅನುಮಾನ ಬಂದ ಬ್ಯಾಗಿಗೆ ಕಸ್ಟಮ್ಸ್‌ನವರು ಹೀಗೆ ಗುರುತು ಹಾಕುವುದುಂಟು. ಒರೆಸಿ ತೆಗೆಯಲು ಹೋಗಬೇಡಿ. ಕೇಳಿದರೆ ಬ್ಯಾಗ್ ತೆರೆದು ತೋರಿಸಿ.

ಹೇಳಿಕೆ: "ಈ ಬ್ಯಾಗನ್ನು ನಿಮ್ಮ ಟ್ರಾಲಿಯಲ್ಲಿ ಹೊರಗೆ ತರುತ್ತೀರಾ" ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ.
ನಿಜಾಂಶ: ಇದು ನಿಜ. ಧಾರಾಳವಾಗಿ ಹಂಚಿಕೊಳ್ಳಿ. ಬ್ಯಾಗಿನಲ್ಲಿ ಏನಿದೆ ಎಂಬುದಕ್ಕೆ ಮೊದಲು ಉತ್ತರ ಕೊಡಬೇಕಾದವರು ಅದನ್ನು ಹಿಡಿದವರು. ಕೇಳಿದವರು ವಯಸ್ಸಾದವರಾಗಿದ್ದರೆ ಟ್ರಾಲಿ ತಂದುಕೊಡಿ, ಸಿಬ್ಬಂದಿಯನ್ನು ಕರೆಯಿರಿ. ಬ್ಯಾಗ್ ಮಾತ್ರ ನಿಮ್ಮ ಟ್ರಾಲಿಗೆ ಬೇಡ.

ಹೇಳಿಕೆ: ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಬ್ಯಾಗುಗಳನ್ನು ಕೆಲವೇ ನೂರು ರೂಪಾಯಿಗೆ ಮಾರುತ್ತಿದ್ದಾರೆ, ಈ ಲಿಂಕ್ ಒತ್ತಿ.
ನಿಜಾಂಶ: ಮೋಸ. ವಿಮಾನ ನಿಲ್ದಾಣಗಳ ಹೆಸರು, ಸೂಟ್‌ಕೇಸ್ ರಾಶಿಯ ಫೋಟೋ ಹಾಕಿ ಕಾರ್ಡ್ ವಿವರ ಕದಿಯುವ ಇಂಥ ನಕಲಿ ಪುಟಗಳು ಅನೇಕ ದೇಶಗಳಲ್ಲಿ ಕಾಣಿಸಿಕೊಂಡಿವೆ. ಲಿಂಕ್ ಒತ್ತಬೇಡಿ, ಮುಂದೆ ಕಳಿಸಬೇಡಿ.

ಬ್ಯಾಗ್ ಬರಲೇ ಇಲ್ಲ, ಈಗೇನು ಮಾಡುವುದು?

ಮೊದಲಿಗೆ ಒಂದು ಸಮಾಧಾನದ ಮಾತು. ಬಾರದ ಬ್ಯಾಗ್ ಎಂದರೆ ಕಳೆದುಹೋದ ಬ್ಯಾಗ್ ಎಂದಲ್ಲ. ವಿಮಾನಯಾನ ತಂತ್ರಜ್ಞಾನ ಸಂಸ್ಥೆ ಸೀಟಾ ಪ್ರಕಟಿಸುವ ವಾರ್ಷಿಕ ವರದಿಯ ಪ್ರಕಾರ 2024ರಲ್ಲಿ ಪ್ರತಿ 1,000 ಪ್ರಯಾಣಿಕರಿಗೆ 6.3 ಬ್ಯಾಗುಗಳ ವಿಷಯದಲ್ಲಿ ಎಡವಟ್ಟಾಗಿದೆ. ಅವುಗಳಲ್ಲಿ ಬಹುಪಾಲು ತಡವಾಗಿ ಬಂದಂಥವು. ಒಂದು ವಿಮಾನದಿಂದ ಇನ್ನೊಂದಕ್ಕೆ ಬ್ಯಾಗ್ ದಾಟಿಸುವಾಗ ಆಗುವ ಎಡವಟ್ಟೇ ಇದಕ್ಕೆ ದೊಡ್ಡ ಕಾರಣ. ನಡುವಿನ ಊರಿನಲ್ಲಿ ನೀವು ಓಡೋಡಿ ಮುಂದಿನ ವಿಮಾನ ಹಿಡಿದಿರುತ್ತೀರಿ, ಬ್ಯಾಗಿಗೆ ಆ ಓಟ ಆಗಿರುವುದಿಲ್ಲ. ಅದು ಮರುದಿನದ ವಿಮಾನದಲ್ಲಿ ಬರುತ್ತದೆ.

ಆದರೂ ಸಮಾಧಾನ ಬೇರೆ, ದಾಖಲೆ ಬೇರೆ. ಬೆಲ್ಟ್ ನಿಂತಿತು, ಸುತ್ತಲೂ ಹುಡುಕಿದ್ದಾಯಿತು, ಬ್ಯಾಗ್ ಇಲ್ಲ ಎಂದಾದರೆ ಈ ಕ್ರಮದಲ್ಲಿ ಮಾಡಿ:

1. ನಿಮ್ಮದರಂತೆಯೇ ಇರುವ ಬ್ಯಾಗ್ ಒಂದೇ ಉಳಿದು ಸುತ್ತುತ್ತಿದೆಯೇ ನೋಡಿ. ಇದ್ದರೆ ಅದರ ಯಜಮಾನರು ಗುರುತು ತಪ್ಪಿ ನಿಮ್ಮದನ್ನು ಒಯ್ದಿರಬಹುದು. ಅದನ್ನೂ ಸಿಬ್ಬಂದಿಗೆ ತೋರಿಸಿ.
2. ಹಾಲ್‌ನಲ್ಲೇ ಇರುವ ಬ್ಯಾಗೇಜ್ ಸೇವೆಯ ಕೌಂಟರಿಗೆ ಹೋಗಿ. ಎರಡು ಮೂರು ಸಂಸ್ಥೆಗಳ ವಿಮಾನ ಬದಲಿಸಿ ಬಂದಿದ್ದರೆ, ಕೊನೆಯದಾಗಿ ನಿಮ್ಮನ್ನು ಕರೆತಂದ ಸಂಸ್ಥೆಗೆ ದೂರು ಕೊಡಿ.
3. ಅಲ್ಲಿ 'ಪ್ರಾಪರ್ಟಿ ಇರ್‌ರೆಗ್ಯುಲ್ಯಾರಿಟಿ ರಿಪೋರ್ಟ್', ಅಂದರೆ ಪಿಐಆರ್ ಬರೆಸಿ. ಟ್ಯಾಗ್ ಸಂಖ್ಯೆ, ಬ್ಯಾಗಿನ ಬಣ್ಣ, ಕಂಪನಿ, ಒಳಗಿರುವ ಮುಖ್ಯ ಸಾಮಾನು, ಮನೆಯ ವಿಳಾಸ, ಸ್ಥಳೀಯ ಮೊಬೈಲ್ ಸಂಖ್ಯೆ ಕೊಡಿ.
4. ಪಿಐಆರ್ ಪ್ರತಿ ಮತ್ತು ಅದರ ಸಂಖ್ಯೆ ಕೈಗೆ ಬರುವವರೆಗೂ ಅಲ್ಲಿಂದ ಕದಲಬೇಡಿ. ಈ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಐದು ಇಂಗ್ಲಿಷ್ ಅಕ್ಷರ, ಐದು ಅಂಕಿ ಇರುತ್ತವೆ. ಮೊದಲ ಮೂರು ಅಕ್ಷರ ವಿಮಾನ ನಿಲ್ದಾಣದ ಸಂಕೇತ, ಮುಂದಿನ ಎರಡು ಸಂಸ್ಥೆಯದು. ಇದನ್ನು ಹಾಕಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಾಟದ ಸ್ಥಿತಿ ನೋಡಬಹುದು.
5. ಬ್ಯಾಗನ್ನು ಮನೆಗೆ ತಲುಪಿಸುತ್ತಾರೆಯೇ, ಕಸ್ಟಮ್ಸ್‌ಗಾಗಿ ಏನಾದರೂ ಸಹಿ ಮಾಡಬೇಕೇ ಎಂದು ಅಲ್ಲೇ ಕೇಳಿ.

ಬ್ಯಾಗ್ ಬಂದಿದೆ, ಆದರೆ ಚಕ್ರ ಮುರಿದಿದೆ, ಬೀಗ ಒಡೆದಿದೆ, ತೂಕ ಕಡಿಮೆ ಎನಿಸುತ್ತಿದೆ ಎಂದಾದರೂ ಇದೇ ಕೌಂಟರ್, ಇದೇ ಕ್ರಮ. ಟ್ಯಾಗ್ ಕಾಣುವಂತೆ ಬೆಲ್ಟ್ ಪಕ್ಕದಲ್ಲೇ ಬ್ಯಾಗಿನ ಫೋಟೋ ತೆಗೆದುಕೊಳ್ಳಿ.

"ಮನೆಗೆ ಹೋಗಿ ಇಮೇಲ್ ಹಾಕಿದರೆ ಸಾಕು" ಎಂಬುದು ಏಕೆ ಅಪಾಯ?

ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ಬ್ಯಾಗಿನ ಹೊಣೆಯನ್ನು ನಿರ್ಧರಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತದಲ್ಲಿ ಇದು 2009ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಾನಿಯಾಗಿದ್ದರೆ ಬ್ಯಾಗ್ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಈ ಗಡುವು ಮೀರಿದರೆ, ಸಂಸ್ಥೆಯ ಕಡೆಯಿಂದ ವಂಚನೆ ನಡೆದಿದ್ದರ ಹೊರತು, ಮೊಕದ್ದಮೆ ನಿಲ್ಲುವುದಿಲ್ಲ. ಬ್ಯಾಗ್ ಬರಬೇಕಾದ ದಿನದಿಂದ 21 ದಿನವಾದರೂ ಬಾರದಿದ್ದರೆ, ಅಥವಾ ಕಳೆದಿದೆ ಎಂದು ಸಂಸ್ಥೆಯೇ ಒಪ್ಪಿಕೊಂಡರೆ, ಅದನ್ನು ಕಳೆದುಹೋದ ಬ್ಯಾಗ್ ಎಂದೇ ಪರಿಗಣಿಸಿ ಪರಿಹಾರ ಕೇಳಬಹುದು. ಮೊಕದ್ದಮೆ ಹೂಡಲು 2 ವರ್ಷದ ಅವಕಾಶವಿದೆ.

ಹಾಗಾದರೆ ಮನೆಗೆ ಹೋಗಿ ಆರನೇ ದಿನ ಇಮೇಲ್ ಹಾಕಿದರೂ ನಡೆಯುತ್ತದಲ್ಲವೇ? ಗಡುವಿನ ಲೆಕ್ಕದಲ್ಲಿ ನಡೆಯುತ್ತದೆ. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿದೆ. ತಕರಾರಿಲ್ಲದೆ ಬ್ಯಾಗ್ ತೆಗೆದುಕೊಂಡು ಹೋದರೆ, ಅದು ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ಅದೇ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಹಾಗಲ್ಲ ಎಂದು ಸಾಧಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಟ್ಯಾಕ್ಸಿಯ ಡಿಕ್ಕಿಯಲ್ಲಿ ಒಡೆಯಿತೋ ವಿಮಾನದಲ್ಲಿ ಒಡೆಯಿತೋ ಎಂದು ಅವರು ಕೇಳಿದರೆ ತೋರಿಸಲು ನಿಮ್ಮ ಬಳಿ ಏನಿರುತ್ತದೆ? ಹಾಲ್‌ನೊಳಗೇ ಬರೆಸಿದ ಆ ಒಂದು ಹಾಳೆ ಈ ಪ್ರಶ್ನೆಯನ್ನೇ ಇಲ್ಲವಾಗಿಸುತ್ತದೆ.

ಇದರ ಇನ್ನೊಂದು ಮುಖವೂ ಇದೆ. "ವಿಮಾನ ನಿಲ್ದಾಣದಿಂದ ಹೊರಬಂದರೆ ಎಲ್ಲ ಮುಗಿಯಿತು" ಎಂಬ ಫಾರ್ವರ್ಡ್ ಕೂಡ ತಪ್ಪು. ಮನೆಯಲ್ಲಿ ಬ್ಯಾಗ್ ತೆರೆದಾಗ ಒಳಗಿನ ಸಾಮಾನು ಒಡೆದದ್ದು ಗೊತ್ತಾದರೆ, 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡುವ ಹಕ್ಕು ನಿಮಗೆ ಉಳಿದೇ ಇರುತ್ತದೆ. ಒಂದು ವಿಷಯ ಮರೆಯಬೇಡಿ: ಪಿಐಆರ್ ಬರೆಸಿದ್ದೇ ಪರಿಹಾರದ ಅರ್ಜಿ ಎಂದುಕೊಂಡು ಸುಮ್ಮನಾಗಬಾರದು. ಅದನ್ನು ಲಗತ್ತಿಸಿ, ಗಡುವಿನೊಳಗೆ ಸಂಸ್ಥೆಗೆ ಪ್ರತ್ಯೇಕವಾಗಿ ಲಿಖಿತ ಬೇಡಿಕೆ ಕಳಿಸಿ.

ಪರಿಹಾರ ಎಷ್ಟು ಸಿಗುತ್ತದೆ?

"ಕಿಲೋಗೆ 20 ಡಾಲರ್" ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಮಾಂಟ್ರಿಯಲ್‌ಗಿಂತ ಹಿಂದಿನ ವಾರ್ಸಾ ಒಪ್ಪಂದದ ಕಾಲದ ಲೆಕ್ಕ. ಮಾಂಟ್ರಿಯಲ್ ಒಪ್ಪಂದದಲ್ಲಿ ತೂಕದ ಲೆಕ್ಕವಿಲ್ಲ, ಒಬ್ಬ ಪ್ರಯಾಣಿಕರಿಗೆ ಇಷ್ಟು ಎಂಬ ಮಿತಿಯಿದೆ. ಈ ಮಿತಿಯನ್ನು 2024ರ ಡಿಸೆಂಬರ್ 28ರಿಂದ 1,288ರಿಂದ 1,519 ಎಸ್‌ಡಿಆರ್‌ಗೆ ಏರಿಸಲಾಗಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. 1,519 ಎಸ್‌ಡಿಆರ್ ಎಂದರೆ ಸುಮಾರು 2,000 ಡಾಲರ್ ಆಸುಪಾಸು. ವಿನಿಮಯ ದರದೊಂದಿಗೆ ಇದು ಏರಿಳಿಯುತ್ತದೆ.

ಇಲ್ಲಿ ಮೂರು ವಿಷಯ ಗಮನಿಸಿ. ಒಂದು, ಈ ಮಿತಿ ಒಬ್ಬ ಪ್ರಯಾಣಿಕರಿಗೆ, ಒಂದೊಂದು ಬ್ಯಾಗಿಗೆ ಅಲ್ಲ. ಎರಡು, ಇದು ಗರಿಷ್ಠ ಮಿತಿ. ಹತ್ತು ಸಾವಿರದ ಸಾಮಾನು ಕಳೆದರೆ ಸಿಗುವುದು ಆ ನಷ್ಟದ ಲೆಕ್ಕದಲ್ಲಿ. ಮೂರು, ಮಿತಿಗಿಂತ ಹೆಚ್ಚು ಬೆಲೆಯ ಸಾಮಾನಿದ್ದರೆ ಚೆಕ್-ಇನ್ ಮಾಡುವಾಗಲೇ ಘೋಷಿಸಿ, ಸಂಸ್ಥೆ ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಬೇಕು.

ಬ್ಯಾಗ್ ತಡವಾದಾಗ ಆಗುವ ಖರ್ಚಿಗೂ ಹಣ ಕೇಳಬಹುದು. ಮದುವೆಗೆಂದು ಬಂದವರ ರೇಷ್ಮೆ ಸೀರೆ ದೋಹಾದಲ್ಲೋ ದುಬೈನಲ್ಲೋ ಉಳಿದಿದ್ದರೆ, ಉಟ್ಟ ಬಟ್ಟೆಯಲ್ಲಿ ಮಂಟಪಕ್ಕೆ ಹೋಗಲಾಗುವುದಿಲ್ಲವಲ್ಲ. ಅಗತ್ಯದ ಬಟ್ಟೆ, ಔಷಧಿ, ಸೋಪು, ಹಲ್ಲುಜ್ಜುವ ಬ್ರಷ್ ಕೊಂಡು ಎಲ್ಲದರ ಬಿಲ್ ಇಟ್ಟುಕೊಳ್ಳಿ. ತಡವಾಗದಂತೆ ಸಾಧ್ಯವಿದ್ದ ಎಲ್ಲ ಕ್ರಮ ಕೈಗೊಂಡಿದ್ದೆವು ಎಂದು ಸಂಸ್ಥೆ ಸಾಧಿಸದ ಹೊರತು ಹೊಣೆ ಅದರದೇ. ಆದರೆ ಇದೇ ನೆಪದಲ್ಲಿ ದುಬಾರಿ ಖರೀದಿ ಮಾಡಿದರೆ ಒಪ್ಪುವುದು ಕಷ್ಟ.

ಸಂಸ್ಥೆ ಉತ್ತರಿಸದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ 'ಏರ್‌ಸೇವಾ' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಆಯೋಗವಿದೆ. ಎಲ್ಲ ಕಡೆಯೂ ಮೊದಲು ಬೇಕಾಗುವುದು ಟಿಕೆಟ್, ಟ್ಯಾಗ್ ರಸೀದಿ, ಪಿಐಆರ್.

ಹೊರಡುವ ಮುನ್ನ ಐದು ನಿಮಿಷ

• ಬ್ಯಾಗಿನ ಹೊರಗಿನ, ಒಳಗಿನ ಫೋಟೋ ತೆಗೆದುಕೊಳ್ಳಿ. ಕಳೆದಾಗ ಬಣ್ಣವೂ ನೆನಪಾಗದು.
• ಹೆಸರು, ಮೊಬೈಲ್ ಸಂಖ್ಯೆ ಬರೆದ ಚೀಟಿಯನ್ನು ಬ್ಯಾಗಿನ ಒಳಗೂ ಇಡಿ. ಹೊರಗಿನ ಟ್ಯಾಗ್ ಕಿತ್ತುಹೋದರೆ ಇದೇ ದಾರಿ.
• ಒಡವೆ, ಹಣ, ಪಾಸ್‌ಪೋರ್ಟ್, ಅಂಕಪಟ್ಟಿ, ಲ್ಯಾಪ್‌ಟಾಪ್, ದಿನನಿತ್ಯದ ಮಾತ್ರೆ ಕೈಚೀಲದಲ್ಲೇ ಇರಲಿ.
• ಚೆಕ್-ಇನ್ ಕೌಂಟರಿನಲ್ಲಿ ಟ್ಯಾಗ್ ಮೇಲಿನ ಊರಿನ ಸಂಕೇತ ಸರಿಯಿದೆಯೇ ಓದಿ ನೋಡಿ.
• ಟ್ಯಾಗ್ ಅಥವಾ ಬೋರ್ಡಿಂಗ್ ಪಾಸಿನ ಫೋಟೋವನ್ನು ಸ್ಟೇಟಸ್‌ಗೆ ಹಾಕಬೇಡಿ. ಅದರಲ್ಲಿರುವ ಹೆಸರು ಮತ್ತು ಬುಕಿಂಗ್ ಸಂಖ್ಯೆಯಿಂದ ಬೇರೆಯವರು ನಿಮ್ಮ ಬುಕಿಂಗ್ ತೆರೆಯಬಹುದು. ಪ್ರಯಾಣ ಮುಗಿದ ಮೇಲೆ ಟ್ಯಾಗನ್ನು ಹರಿದು ಬಿಸಾಡಿ.
• ಕಸ್ಟಮ್ಸ್‌ನಲ್ಲಿ ಚಿನ್ನ, ಉಡುಗೊರೆಗಳ ಸುಂಕರಹಿತ ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಫಾರ್ವರ್ಡ್‌ನಲ್ಲಿರುವ ಅಂಕಿ ನಂಬದೆ, ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟ್ ನೋಡಿ.

ನಮ್ಮ ನಿರ್ಣಯ

ರಿಬ್ಬನ್, ಸ್ಟಿಕರ್‌ಗಳ ಬಗೆಗಿನ ಫಾರ್ವರ್ಡ್ ನಂಬಿದರೆ ಹೋಗುವುದು ನಾಲ್ಕು ಕಾಸು. ದೂರಿನ ಬಗ್ಗೆ ತಪ್ಪು ನಂಬಿದರೆ ಹೋಗುವುದು ಬ್ಯಾಗಿನ ಜೊತೆ ಅದರ ಹಣವೂ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು, ಹೊರಗೆ ಮನೆಯವರು ಕಾಯುತ್ತಿರುವಾಗ ಇನ್ನೊಂದು ಸಾಲಿನಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗದು. ಆದರೂ ನಿಲ್ಲಿ. ಗ್ರೂಪಿಗೆ ಕಳಿಸಲೇಬೇಕೆಂದರೆ ಇಷ್ಟನ್ನು ಕಳಿಸಿ: "ಬ್ಯಾಗ್ ಬರದಿದ್ದರೆ, ಒಡೆದಿದ್ದರೆ, ಹೊರಬರುವ ಮುನ್ನವೇ ಪಿಐಆರ್ ಬರೆಸಿ ಪ್ರತಿ ಪಡೆಯಿರಿ. ಹಾನಿಗೆ 7 ದಿನ, ತಡಕ್ಕೆ 21 ದಿನ. ಟ್ಯಾಗ್ ರಸೀದಿ ಜೋಪಾನ."